ಬೈಕ್ ಜಾರಿಸಲು ಕಲಿಸುವ ಶಾಲೆ

ಜೂನ್ ತಿಂಗಳು ಬಂತೆಂದರೆ ಸಾಕು, ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಸ್ಕಿಡ್ ಆಯಿತಂತೆ." ಯಾರದೋ ಮಗ ಕಾಲೇಜಿಗೆ ಹೋಗುವಾಗ ತಿರುವಿನಲ್ಲಿ ಬಿದ್ದ. ಯಾರದೋ ಯಜಮಾನರು ಮೀನು ತರಲು ಹೋದವರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಮಗಳನ್ನು ಟ್ಯೂಷನ್‌ಗೆ ಬಿಡಲು ಹೋದ ತಾಯಿ ಸ್ಕೂಟರ್ ಸಮೇತ ರಸ್ತೆ ಬದಿಯ ಚರಂಡಿಗೆ ಇಳಿದರು. ಹೇಗಾಯಿತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಸ್ಕಿಡ್ ಆಯಿತು. ಅದು ಹೇಳದೆ ಕೇಳದೆ ಬಂದೆರಗುವ ಆಪತ್ತು, ಸವಾರನ ಕೈಯಲ್ಲಿ ಏನೂ ಇಲ್ಲ ಎಂಬ ಧಾಟಿಯಲ್ಲಿ ಈ ಉತ್ತರ ಬರುತ್ತದೆ.

ಆದರೆ ಬೇಕೆಂದೇ ಬೈಕನ್ನು ಜಾರಿಸುವವರೂ ಇದ್ದಾರೆ. ಅದನ್ನು ಕಲಿಸುವ ಶಾಲೆಗಳೂ ಇವೆ! ಶುಲ್ಕ ಕೊಟ್ಟು, ದಿನವಿಡೀ ಮಣ್ಣಿನ ಮೈದಾನದಲ್ಲಿ ಸುತ್ತು ಹೊಡೆದು, ಹಿಂದಿನ ಚಕ್ರ ಹೇಗೆ ಜಾರುತ್ತದೆ, ಜಾರಿದಾಗ ಕೈಕಾಲು ಏನು ಮಾಡಬೇಕು ಎಂದು ಕಲಿತು ಬರುತ್ತಾರೆ. ಇದಕ್ಕಾಗಿ ಅಮೆರಿಕಕ್ಕೇ ಹೋಗಬೇಕೆಂದಿಲ್ಲ. 2022ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪೆನಿ 'ಸ್ಲೈಡ್ ಸ್ಕೂಲ್' ಎಂಬ ಹೆಸರಿನಲ್ಲಿ ಇಂತಹ ತರಬೇತಿಯನ್ನು ನಮ್ಮ ಕೋಲಾರದ ಕಡೆಯ 'ಬಿಗ್ ರಾಕ್ ಡರ್ಟ್ ಪಾರ್ಕ್'ನಲ್ಲಿ ಆರಂಭಿಸಿತು. ಈ ಪಾರ್ಕನ್ನು ಕಟ್ಟಿದವರು ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ ಡಕಾರ್ ರ್‍ಯಾಲಿಯಲ್ಲಿ ಪಾಲ್ಗೊಂಡ ಮೊದಲ ಭಾರತೀಯ ಬೈಕ್ ಸವಾರ ಅವರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಒಂದು ದಿನ ಶಾಲೆಗೇ ಬಂದು ಬಿಟ್ಟರು. ಮಗನಿಗೆ ಇಪ್ಪತ್ತೆರಡು ವರ್ಷ, ಕೆಲಸದಲ್ಲಿದ್ದಾನೆ. "ಟೀಚರ್, ಇವನಿಗೆ ತಲೆ ಕೆಟ್ಟಿದೆಯೋ ಏನೋ. ಮಗ ಬೀಳದೆ ಮನೆಗೆ ಬರಲಿ ಎಂದು ನಾನು ದಿನಾ ದುಆ ಮಾಡುತ್ತೇನೆ. ಇವನು ನೋಡಿದರೆ ಬೈಕ್ ಜಾರಿಸುವುದನ್ನು ಕಲಿಯಲು ಹೋಗುತ್ತೇನೆ ಎನ್ನುತ್ತಾನೆ. ಅದೂ ದುಡ್ಡು ಕೊಟ್ಟು! ನೀವಾದರೂ ಸ್ವಲ್ಪ ಬುದ್ಧಿ ಹೇಳಿ" ಎಂದರು. ಅವರ ಆತಂಕ ನ್ಯಾಯವಾದುದೇ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ಸವಾರರು. ಮಗ ಮನೆಗೆ ಬರುವ ತನಕ ಗೇಟಿನ ಸದ್ದಿಗೆ ಕಿವಿ ಕೊಟ್ಟು ಕೂರುವ ತಾಯಂದಿರಿಗೆ ಈ ಅಂಕಿ ಅಂಶವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಹುಡುಗನಿಗೆ ಬುದ್ಧಿ ಹೇಳುವ ಮೊದಲು ಅವನು ಕಲಿಯಲು ಹೊರಟಿರುವುದು ಏನು ಎಂದು ತಿಳಿದುಕೊಳ್ಳೋಣ ಅನ್ನಿಸಿತು. ತಿಳಿದುಕೊಂಡಷ್ಟನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಂಗೈಯಷ್ಟು ಜಾಗ

ಬೈಕಿನ ಟೈರ್ ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟುವುದು ಹೆಚ್ಚು ಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಮುಂದೆ ಒಂದು ಅಂಗೈ, ಹಿಂದೆ ಒಂದು ಅಂಗೈ. ಗಾಡಿ, ಸವಾರ, ಹಿಂದೆ ಕುಳಿತ ಹೆಂಡತಿ, ನಡುವೆ ಮಗು, ಹ್ಯಾಂಡಲಿಗೆ ನೇತು ಹಾಕಿದ ತರಕಾರಿ ಚೀಲ, ಇಷ್ಟೆಲ್ಲವನ್ನೂ ರಸ್ತೆಗೆ ಹಿಡಿದಿಡುವುದು ಆ ಎರಡು ಅಂಗೈಗಳೇ.

ಆ ಹಿಡಿತಕ್ಕೆ ಒಂದು ಮಿತಿಯಿದೆ. ಅದನ್ನು ತಿಂಗಳ ಸಂಬಳಕ್ಕೆ ಹೋಲಿಸಬಹುದು. ಬ್ರೇಕ್ ಹಾಕುವುದಕ್ಕೂ ಅದರಿಂದಲೇ ಖರ್ಚಾಗಬೇಕು, ತಿರುಗುವುದಕ್ಕೂ ಅದರಿಂದಲೇ, ವೇಗ ಹೆಚ್ಚಿಸುವುದಕ್ಕೂ ಅದರಿಂದಲೇ. ನೇರ ಹೋಗುವಾಗ ಪೂರ್ತಿ ಹಿಡಿತವನ್ನು ಬ್ರೇಕಿಗೆ ಕೊಡಬಹುದು. ತಿರುವಿನಲ್ಲಿ ಗಾಡಿ ವಾಲಿರುವಾಗ ಅದರ ಬಹುಪಾಲು ತಿರುಗುವುದಕ್ಕೇ ಖರ್ಚಾಗಿರುತ್ತದೆ. ಆಗ ಹೆದರಿ ಬ್ರೇಕ್ ಅದುಮಿದರೆ ಕೈಯಲ್ಲಿ ಇಲ್ಲದ ಹಣವನ್ನು ಖರ್ಚು ಮಾಡಿದಂತೆ. ಚಕ್ರ ಜಾರುತ್ತದೆ. ಮಳೆ ಬಂದು ರಸ್ತೆ ಒದ್ದೆಯಾದರೆ ಸಂಬಳವೇ ಕಡಿತವಾಯಿತೆಂದು ತಿಳಿಯಿರಿ. ಖರ್ಚು ಮಾತ್ರ ಹಳೆಯ ಲೆಕ್ಕದಲ್ಲೇ ಮಾಡುತ್ತೇವೆ.

ಯಾವ ಚಕ್ರ ಜಾರಿತು ಎಂಬುದೂ ಮುಖ್ಯ. ಮುಂದಿನ ಚಕ್ರ ಬ್ರೇಕ್ ಬಿಗಿದು ನಿಂತು ಜಾರಿದರೆ ಯೋಚಿಸಲೂ ಸಮಯವಿರುವುದಿಲ್ಲ, ಗಾಡಿ ಒಂದು ಪಕ್ಕಕ್ಕೆ ಮಲಗಿ ಬಿಡುತ್ತದೆ. ಹಿಂದಿನ ಚಕ್ರ ಜಾರಿದರೆ ಹಾಗಲ್ಲ. ಗಾಡಿಯ ಹಿಂಭಾಗ ಬಾಲದಂತೆ ಅತ್ತಿತ್ತ ಸರಿಯುತ್ತದೆ, ಆದರೆ ಮುಂದಿನ ಚಕ್ರ ನೆಲವನ್ನು ಹಿಡಿದಿರುವವರೆಗೆ ಸವಾರನಿಗೆ ಅವಕಾಶವಿದೆ. ಜಾರಿಸುವ ಶಾಲೆಗಳಲ್ಲಿ ಕಲಿಸುವುದು ಈ ಹಿಂದಿನ ಚಕ್ರದ ಜಾರುವಿಕೆಯನ್ನೇ.

ಅಮೆರಿಕದ ಮಣ್ಣಿನ ಅಂಗಳಗಳಲ್ಲಿ

ಈ ವಿದ್ಯೆಯ ತವರು ಅಮೆರಿಕದ 'ಫ್ಲ್ಯಾಟ್ ಟ್ರ್ಯಾಕ್' ಪಂದ್ಯಗಳು. ಮೊಟ್ಟೆಯಾಕಾರದ ಮಣ್ಣಿನ ಅಂಗಳ, ಸವಾರರು ಯಾವಾಗಲೂ ಎಡಕ್ಕೇ ತಿರುಗುತ್ತಾರೆ. ಈ ಬೈಕುಗಳಿಗೆ ಮುಂದಿನ ಬ್ರೇಕೇ ಇರುವುದಿಲ್ಲ ಎಂದು ಓದಿದಾಗ ನನಗೆ ನಂಬಲಾಗಲಿಲ್ಲ. ಕಾರಣವೇನೋ ಸರಳ. ಸಡಿಲ ಮಣ್ಣಿನಲ್ಲಿ ವಾಲಿ ಹೋಗುವಾಗ ಮುಂದಿನ ಬ್ರೇಕ್ ಹಿಡಿದರೆ ಸವಾರ ನೆಲಕ್ಕೆ. ಆದ್ದರಿಂದ ಅವರು ಗಾಡಿಯನ್ನು ಅಡ್ಡಕ್ಕೆ ಜಾರಿಸಿಯೇ ವೇಗವನ್ನು ಇಳಿಸುತ್ತಾರೆ, ಜಾರಿಸಿಯೇ ತಿರುಗಿಸುತ್ತಾರೆ. ಎಡಗಾಲಿನ ಬೂಟಿನ ಅಡಿಗೆ ಉಕ್ಕಿನ ತಗಡಿನ ಪಾದರಕ್ಷೆ ಕಟ್ಟಿಕೊಂಡಿರುತ್ತಾರೆ. ಕಾಲು ನೆಲಕ್ಕೆ ತಾಗಿದರೆ ಸಿಕ್ಕಿಕೊಳ್ಳದೆ ನುಣ್ಣಗೆ ಸರಿಯಲಿ ಎಂದು.

ಇಂತಹ ಅಂಗಳದಿಂದ ಬಂದವರು ಕ್ಯಾಲಿಫೋರ್ನಿಯಾದ ಕೆನ್ನಿ ರಾಬರ್ಟ್ಸ್. 1973 ಮತ್ತು 1974ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್. ಮುಂದೆ ಯುರೋಪಿನ ಡಾಂಬರು ಟ್ರ್ಯಾಕ್‌ಗಳಿಗೆ ಹೋಗಿ 1978, 1979, 1980, ಸತತ ಮೂರು ವರ್ಷ 500 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಆದರು. ಹಿಂದಿನ ಚಕ್ರ ಜಾರಿದಾಗ ಬೇರೆಯವರು ಗಾಬರಿಯಾಗುತ್ತಿದ್ದ ಕಡೆ, ಎಳವೆಯಿಂದಲೇ ಮಣ್ಣಿನಲ್ಲಿ ಜಾರಿ ಬೆಳೆದ ಇವರಿಗೆ ಅದು ದಿನನಿತ್ಯದ ಸಂಗತಿಯಾಗಿತ್ತು. 1978ರಿಂದ 1993ರ ತನಕದ 16 ವರ್ಷಗಳಲ್ಲಿ 13 ಬಾರಿ ಆ ಕಿರೀಟ ಅಮೆರಿಕನ್ನರಿಗೇ ಹೋಯಿತು. ಅವರಲ್ಲಿ ಹೆಚ್ಚಿನವರು ಮಣ್ಣಿನ ಅಂಗಳದಲ್ಲಿ ಪಳಗಿದವರು. ಇಟೆಲಿಯ ವಲೆಂಟಿನೊ ರೊಸ್ಸಿ ತನ್ನ ಊರಾದ ತವುಲಿಯಾದಲ್ಲಿ ಸ್ವಂತ ಮಣ್ಣಿನ ಟ್ರ್ಯಾಕನ್ನೇ ಕಟ್ಟಿಸಿ ಕಿರಿಯ ಸವಾರರನ್ನು ಅಲ್ಲಿ ಪಳಗಿಸಿದರು.

ಹೆಣ್ಣು ಮಕ್ಕಳ ಬಗ್ಗೆಯೂ ಒಂದು ಮಾತು. ಪೆನ್ಸಿಲ್ವೇನಿಯಾದ ಶೇನಾ ಟೆಕ್ಸ್ಟರ್ ಎಂಬ ಹುಡುಗಿ 2011ರಲ್ಲಿ ಅಮೆರಿಕದ ರಾಷ್ಟ್ರೀಯ ಫ್ಲ್ಯಾಟ್ ಟ್ರ್ಯಾಕ್ ಸರಣಿಯ ಸಿಂಗಲ್ಸ್ ವಿಭಾಗದಲ್ಲಿ ಗಂಡಸರ ಜತೆಗೇ ಸ್ಪರ್ಧಿಸಿ ಪಂದ್ಯ ಗೆದ್ದಳು. ಹೀಗೆ ಗೆದ್ದ ಮೊದಲ ಮಹಿಳೆ ಅವಳು. ಆಕೆಯ ಎತ್ತರ ಸುಮಾರು ಐದು ಅಡಿ. ಭಾರದ ಗಾಡಿ ಹಿಡಿಯಲು ಗಂಡಸಿನ ತೋಳೇ ಬೇಕು ಎನ್ನುವವರು ಇದನ್ನು ಗಮನಿಸಬೇಕು. ಮಣ್ಣಿನಲ್ಲಿ ಜಾರುವ ಬೈಕನ್ನು ಬಲದಿಂದ ಹಿಡಿಯಲಾಗುವುದಿಲ್ಲ, ಬಿಗಿಯಾಗಿ ಹಿಡಿದಷ್ಟೂ ಅದು ಕೈತಪ್ಪುತ್ತದೆ. 2020ರಲ್ಲಿ ರಾಯಲ್ ಎನ್‌ಫೀಲ್ಡ್ ಅಮೆರಿಕದಲ್ಲಿ ಮಹಿಳೆಯರಿಗಾಗಿಯೇ ಒಂದು ಕಾರ್ಯಕ್ರಮ ನಡೆಸಿತು. ಅದರಲ್ಲಿ ಅವರು ಬೈಕನ್ನು ತಾವೇ ಪಂದ್ಯಕ್ಕೆ ಸಜ್ಜುಗೊಳಿಸಿ, ತರಬೇತಿ ಪಡೆದು, ಅದರಲ್ಲೇ ಸ್ಪರ್ಧಿಸಬೇಕಿತ್ತು.

ಪಾಠ ಹೇಗೆ ನಡೆಯುತ್ತದೆ?

ಬೈಕ್ ಜಾರಿಸುವುದೆಂದರೆ ಹುಚ್ಚು ವೇಗ, ಹೊಗೆ, ಚೀರಾಟ ಎಂದೇ ನಮ್ಮ ಕಲ್ಪನೆ. ಆದರೆ ಪಾಠ ಶುರುವಾಗುವುದು ನಿಧಾನ ವೇಗದಲ್ಲಿ. ಮಟ್ಟಸವಾದ ಮಣ್ಣಿನ ನೆಲದಲ್ಲಿ ಎರಡು ರಬ್ಬರ್ ಗುರುತುಗಳನ್ನು ಇಟ್ಟು ಅವುಗಳ ಸುತ್ತ ಸುತ್ತಿಸುತ್ತಾರೆ. ಗಾಡಿಯೂ ದೊಡ್ಡದಲ್ಲ. ಅಮೆರಿಕದ ಹೆಸರಾಂತ ಶಿಬಿರವೊಂದರಲ್ಲಿ ಪಳಗಿದ ಸವಾರರನ್ನೂ 125 ಸಿಸಿಯ, ಮಕ್ಕಳ ಆಟಿಕೆಯಂತೆ ಕಾಣುವ ಪುಟ್ಟ ಬೈಕುಗಳ ಮೇಲೆ ಕೂರಿಸುತ್ತಿದ್ದರು. ಕೋಲಾರದಲ್ಲಿ ಬಳಸಿದ್ದು ಹಿಮಾಲಯನ್ ಬೈಕನ್ನು ಈ ಕೆಲಸಕ್ಕೆಂದೇ ಮಾರ್ಪಡಿಸಿದ ಗಾಡಿ.

ಮೊದಲ ಪಾಠ ಕೂರುವುದು. ನಾವು ರಸ್ತೆಯಲ್ಲಿ ಗಾಡಿಯ ಜತೆಗೇ ವಾಲುತ್ತೇವೆ. ಮಣ್ಣಿನಲ್ಲಿ ಹಾಗಲ್ಲ. ಗಾಡಿಯನ್ನು ತಿರುವಿನ ಒಳಕ್ಕೆ ತಳ್ಳಿ, ಸವಾರ ಮಾತ್ರ ಸೀಟಿನ ಹೊರ ಅಂಚಿನಲ್ಲಿ ನೆಟ್ಟಗೆ ಕೂರಬೇಕು. ಹೊರಗಿನ ಮೊಣಕೈ ಮೇಲೆತ್ತಿರಬೇಕು. ಒಳಗಿನ ಕಾಲನ್ನು ಮುಂದಕ್ಕೆ ಚಾಚಿ ನೆಲವನ್ನು ಹಗುರವಾಗಿ ಸವರುತ್ತಿರಬೇಕು. ಅದರ ಮೇಲೆ ಭಾರ ಹಾಕಬಾರದು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ಜಾಗದ ಮೇಲೆ. ಇಷ್ಟನ್ನು ಅಭ್ಯಾಸ ಮಾಡುವುದರಲ್ಲೇ ಎಷ್ಟೋ ಹೊತ್ತು ಕಳೆಯುತ್ತದೆ. ನಮ್ಮ ಮದ್ರಸದಲ್ಲಿ ಮಕ್ಕಳಿಗೆ ಅಕ್ಷರದ ಉಚ್ಚಾರ ನಾಲಗೆಗೆ ಹತ್ತುವ ತನಕ ಮುಂದಿನ ಪಾಠಕ್ಕೆ ಬಿಡುವುದಿಲ್ಲವಲ್ಲ, ಹಾಗೆ.

ಅನಂತರ ಜಾರಿಸುವುದು. ತಿರುವಿನ ಹತ್ತಿರ ಬಂದಾಗ ಎಕ್ಸಲೇಟರ್ ಇಳಿಸಿ ಹಿಂದಿನ ಬ್ರೇಕನ್ನು ಒತ್ತುತ್ತಾರೆ. ಹಿಂಭಾಗ ಹೊರಕ್ಕೆ ಸರಿಯುತ್ತದೆ. ಆಗ ಬ್ರೇಕ್ ಬಿಟ್ಟು ಎಕ್ಸಲೇಟರನ್ನು ನಯವಾಗಿ ಕೊಡುತ್ತಾ ಆ ಜಾರುವಿಕೆಯನ್ನು ಹಿಡಿದಿಡುತ್ತಾರೆ. ಹಿಂದಿನ ಚಕ್ರ ಬಲಕ್ಕೆ ಜಾರುತ್ತಿದ್ದರೆ ಹ್ಯಾಂಡಲನ್ನೂ ಬಲಕ್ಕೇ ತಿರುಗಿಸಬೇಕು. ಕೈ ಸಡಿಲವಾಗಿದ್ದರೆ ಬೈಕು ತಾನೇ ಆ ಕಡೆ ತಿರುಗಿಕೊಳ್ಳುತ್ತದೆ.

ಇಲ್ಲಿ ಒಂದು ಅಪಾಯವಿದೆ. ಗಾಡಿ ಅಡ್ಡಕ್ಕೆ ಜಾರುತ್ತಿರುವಾಗ ಹೊಸಬ ಹೆದರಿ ಎಕ್ಸಲೇಟರನ್ನು ತಟ್ಟನೆ ಮುಚ್ಚುತ್ತಾನೆ. ಮನುಷ್ಯನ ಸಹಜ ಬುದ್ಧಿ ಅದು. ಆಗ ಜಾರುತ್ತಿದ್ದ ಟೈರು ಒಮ್ಮೆಲೇ ನೆಲವನ್ನು ಕಚ್ಚುತ್ತದೆ. ಅಡ್ಡ ನಿಂತಿದ್ದ ಗಾಡಿ ಜಿಗಿದು ನೆಟ್ಟಗಾಗುತ್ತದೆ, ಸವಾರನನ್ನು ಎತ್ತಿ ಆಚೆಗೆ ಎಸೆಯುತ್ತದೆ. ಪಕ್ಕಕ್ಕೆ ಮಲಗಿ ಜಾರಿಕೊಂಡು ಹೋಗುವುದಕ್ಕಿಂತ ಈ ರೀತಿ ಎಸೆಯಲ್ಪಡುವುದು ಎಷ್ಟೋ ಪಾಲು ಕೆಟ್ಟದ್ದು. ಜಾರಿಸಲು ಕಲಿಸುವ ಶಾಲೆಯಲ್ಲಿ ನಿಜವಾಗಿ ಕಲಿಸುವುದು ಈ ಭಯವನ್ನು ಗೆಲ್ಲುವುದನ್ನು. ಜಾರಿದ ಕ್ಷಣದಲ್ಲಿ ಏನನ್ನೂ ತಟ್ಟನೆ ಮಾಡಬಾರದು. ತಟ್ಟನೆ ಬ್ರೇಕ್ ಇಲ್ಲ, ತಟ್ಟನೆ ಎಕ್ಸಲೇಟರ್ ಮುಚ್ಚುವುದಿಲ್ಲ, ತಟ್ಟನೆ ಹ್ಯಾಂಡಲ್ ಎಳೆಯುವುದಿಲ್ಲ. ಇದನ್ನು ಬಾಯಿಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ನೂರು ಸಲ ಜಾರಿ, ಹತ್ತು ಸಲ ಮಣ್ಣಿನಲ್ಲಿ ಬಿದ್ದೆದ್ದ ಮೇಲೆ ಮೈಗೆ ಅರ್ಥವಾಗುತ್ತದೆ.

ಅಲ್ಲಿ ಬೀಳುತ್ತಾರೆ, ಹೌದು. ಬೀಳುವುದನ್ನು ಲೆಕ್ಕ ಹಾಕಿಯೇ ಎಲ್ಲವನ್ನೂ ಏರ್ಪಡಿಸಿರುತ್ತಾರೆ. ಇಡೀ ಮುಖ ಮುಚ್ಚುವ ಹೆಲ್ಮೆಟ್, ಎದೆ, ಬೆನ್ನು, ಮೊಣಕೈ, ಮೊಣಕಾಲಿಗೆ ರಕ್ಷಾ ಕವಚ, ಮೊಣಕಾಲ ತನಕದ ಬೂಟು, ಕೈಗವಸು. ಕೆಳಗೆ ಮಣ್ಣು. ಎದುರಿನಿಂದ ಲಾರಿ ಬರುವುದಿಲ್ಲ, ಪಕ್ಕದಲ್ಲಿ ಕರೆಂಟ್ ಕಂಬವಿಲ್ಲ, ಚರಂಡಿಯ ಕಲ್ಲಿಲ್ಲ.

ಆ ಹುಡುಗನನ್ನು ಕರೆದು ನಾನು ಕೇಳಿದ್ದು ಇಷ್ಟೇ: ಎಲ್ಲಿ ಕಲಿಯುತ್ತೀ, ಕಲಿಸುವವರು ಯಾರು, ಬಿದ್ದರೆ ಏನಿದೆ? ಮೂರಕ್ಕೂ ಅವನ ಬಳಿ ಉತ್ತರವಿತ್ತು. "ಗೆಳೆಯ ಹೇಳಿಕೊಡುತ್ತಾನೆ, ಹೊಸ ಬೈಪಾಸ್ ರಸ್ತೆಯಲ್ಲಿ" ಎಂದಿದ್ದರೆ ನಾನೂ ಅವನ ತಾಯಿಯ ಪಕ್ಷವೇ. ಹಾಗಲ್ಲದ ಕಾರಣ, "ಉಮ್ಮಾ, ಹೋಗಲಿ ಬಿಡಿ. ಬಂದ ಮೇಲೆ ಅವನು ನಿಮ್ಮನ್ನು ಹಿಂದೆ ಕೂರಿಸಿಕೊಂಡು ಹೋಗುವ ವೇಗ ನೋಡಿ, ಆಮೇಲೆ ಹೇಳಿ" ಎಂದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ರಸ್ತೆ ಅಂಗಳವಲ್ಲ

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಮಣ್ಣಿನಲ್ಲಿ ಜಾರಿಸಲು ಬಲ್ಲವನಿಗೆ ಡಾಂಬರು ರಸ್ತೆಯಲ್ಲಿ ಜಾರಿಸುವ ಪರವಾನಿಗೆ ಸಿಕ್ಕಿದಂತಲ್ಲ. ವೇಯ್ನ್ ರೇನಿ 1990, 1991, 1992ರ ವಿಶ್ವ ಚಾಂಪಿಯನ್, ಮಣ್ಣಿನ ಅಂಗಳದಲ್ಲಿ ಬೆಳೆದವರು, ಜಾರುವ ಬೈಕನ್ನು ಅಷ್ಟು ಚೆನ್ನಾಗಿ ಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ. 1993ರ ಸೆಪ್ಟೆಂಬರ್‌ನಲ್ಲಿ ಇಟೆಲಿಯ ಮಿಸಾನೊದಲ್ಲಿ ಪಂದ್ಯದ ಮುಂಚೂಣಿಯಲ್ಲಿದ್ದಾಗ ಅವರು ಬಿದ್ದರು. ಎದೆಯಿಂದ ಕೆಳಗಿನ ದೇಹ ಶಾಶ್ವತವಾಗಿ ಸ್ವಾಧೀನ ತಪ್ಪಿತು. ಮೇಲೆ ಹೇಳಿದ ಸಂತೋಷ್ ಕೂಡ 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಡಕಾರ್ ರ್‍ಯಾಲಿಯಲ್ಲಿ ಬಿದ್ದು, ರಿಯಾದ್‌ನ ಆಸ್ಪತ್ರೆಯಲ್ಲಿ ವೈದ್ಯರು ಅವರನ್ನು ಔಷಧಿಯಿಂದ ಪ್ರಜ್ಞೆ ತಪ್ಪಿಸಿ ಇಡಬೇಕಾಯಿತು. ಪುಣ್ಯಕ್ಕೆ ಚೇತರಿಸಿಕೊಂಡರು.

ಇನ್ನು ನಮ್ಮ ಮನೆಯ ಹುಡುಗರು! ಬರಾಅತ್ ರಾತ್ರಿ ಬೆಂಗಳೂರಿನಲ್ಲಿ ಪೊಲೀಸರು ಫ್ಲೈಓವರ್‌ಗಳನ್ನು ಮುಚ್ಚಬೇಕಾಗಿ ಬರುತ್ತದೆ, ಯಾಕೆ? ನಮ್ಮ ಮಕ್ಕಳು ವೀಲಿಂಗ್ ಮಾಡುತ್ತಾರೆಂದು. ಪ್ರಾರ್ಥನೆಯ ರಾತ್ರಿ ಮಗ ಮಸೀದಿಗೆ ಹೋಗಿದ್ದಾನೆಂದು ತಾಯಿ ತಿಳಿದಿರುತ್ತಾಳೆ. ಅವನು ಸೈಲೆನ್ಸರ್ ಬಿಚ್ಚಿದ ಬೈಕನ್ನು ಒಂದೇ ಚಕ್ರದ ಮೇಲೆ ಓಡಿಸುತ್ತಿರುತ್ತಾನೆ, ತಲೆಗೆ ಹೆಲ್ಮೆಟ್ ಕೂಡ ಇರುವುದಿಲ್ಲ. ಇದನ್ನು ಪೊಲೀಸರ ತಲೆಗೆ ಕಟ್ಟಿ ಕೂರಲಾಗದು, ಕೀಲಿ ಕೊಟ್ಟವರು ಮನೆಯವರೇ. 2019ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಪ್ರಾಯ ತುಂಬದ ಮಗ ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದ ವರೆಗೆ ಸಜೆಯಾಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ.

ಮನೆಯ ಸ್ಕೂಟರಿಗೆ ಬೇಕಾದಷ್ಟು

ಹಾಗಾದರೆ ಮಗಳನ್ನು ಶಾಲೆಗೆ ಬಿಡುವ ನಮಗೆ ಈ ವಿದ್ಯೆಯಿಂದ ಏನು ಸಿಗುತ್ತದೆ? ಸಿಗುತ್ತದೆ.

ರಸ್ತೆಯಲ್ಲಿ ಜಾರುವ ಜಾಗಗಳು ಹೆಚ್ಚಾಗಿ ಕಣ್ಣಿಗೆ ಕಾಣುವಂಥವೇ. ಬಹಳ ದಿನಗಳ ಬಿಸಿಲಿನ ನಂತರ ಬರುವ ಮೊದಲ ಮಳೆ, ರಸ್ತೆಗೆ ಅಂಟಿದ ಎಣ್ಣೆ ಮತ್ತು ಧೂಳನ್ನು ಮೇಲಕ್ಕೆ ತೇಲಿಸುತ್ತದೆ. ಜೋರು ಮಳೆಗಿಂತ ಆ ಮೊದಲ ಹನಿಗಳೇ ಅಪಾಯ. ಝೀಬ್ರಾ ದಾಟಿನ ಬಿಳಿ ಬಣ್ಣ, ಚರಂಡಿಯ ಕಬ್ಬಿಣದ ಮುಚ್ಚಳ, ಗಲ್ಲಿಯ ಕಾಂಕ್ರೀಟ್ ಮೇಲಿನ ಪಾಚಿ, ಮರದಡಿಯ ಕೊಳೆತ ಎಲೆ, ತಿರುವಿನಲ್ಲಿ ಚೆಲ್ಲಿದ ಜಲ್ಲಿ. ಇವು ಬರುವ ಮೊದಲೇ, ಗಾಡಿ ನೇರವಾಗಿರುವಾಗಲೇ, ವೇಗವನ್ನು ಇಳಿಸಬೇಕು. ಅವುಗಳ ಮೇಲೆ ಹೋಗುತ್ತಿರುವಾಗ ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ಸುಮ್ಮನೆ ದಾಟಿ ಬಿಡಬೇಕು.

ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳುತ್ತೇವೆ ಎಂದು ನಮ್ಮ ಹೆಂಗಸರಲ್ಲಿ ಒಂದು ಭಯವಿದೆ. ಕಲಿಸಿದ ಗಂಡನೋ ಅಣ್ಣನೋ ಹೇಳಿದ್ದು. ಅದು ಅರ್ಧ ಸತ್ಯ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಗಾಡಿಯನ್ನು ಹೆಚ್ಚು ನಿಲ್ಲಿಸುವುದು ಮುಂದಿನ ಚಕ್ರವೇ. ಬರೀ ಹಿಂದಿನದನ್ನು ಅದುಮಿದರೆ ಅದು ಬೇಗನೆ ಬಿಗಿದು ಜಾರುತ್ತದೆ, ನಿಲ್ಲಲು ದೂರವೂ ಹೆಚ್ಚು ಬೇಕು. ಎರಡನ್ನೂ ಒಟ್ಟಿಗೆ, ನಿಂಬೆ ಹಣ್ಣು ಹಿಂಡುವಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹಿಡಿಯಬೇಕು. 2019ರ ಏಪ್ರಿಲ್‌ನಿಂದ ಮಾರಾಟವಾದ ಸಣ್ಣ ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ ಸಿಬಿಎಸ್ ಎಂಬ ವ್ಯವಸ್ಥೆಯಿದೆ, ಎಡಗೈ ಬ್ರೇಕ್ ಹಿಡಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. 125 ಸಿಸಿಗಿಂತ ದೊಡ್ಡ ಗಾಡಿಗಳಲ್ಲಿ ಎಬಿಎಸ್ ಇರುತ್ತದೆ. ಚಕ್ರ ಬಿಗಿದು ನಿಲ್ಲುವ ಕ್ಷಣವನ್ನು ಯಂತ್ರವೇ ಗುರುತಿಸಿ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಆದರೆ ಎಷ್ಟೋ ಬೈಕುಗಳಲ್ಲಿ ಇದು ಮುಂದಿನ ಚಕ್ರಕ್ಕೆ ಮಾತ್ರ, ಹಿಂದಿನದು ಜಾರಲು ಸ್ವತಂತ್ರ! ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂದು ಶೋರೂಮಿನಲ್ಲಿ ಒಮ್ಮೆ ಕೇಳಿಕೊಳ್ಳಿ.

ಮುಂದಿನ ಚಕ್ರ ಜಾರಿದಂತೆ ಅನ್ನಿಸಿದರೆ ಆ ಬ್ರೇಕನ್ನು ತಕ್ಷಣ ಬಿಟ್ಟು ಮತ್ತೆ ಮೆಲ್ಲನೆ ಹಿಡಿಯಬೇಕು. ಹಿಂದಿನ ಚಕ್ರ ಬಿಗಿದು ಗಾಡಿ ಆಗಲೇ ಅಡ್ಡವಾಗಿ ಬಿಟ್ಟಿದ್ದರೆ ಹಿಂದಿನ ಬ್ರೇಕನ್ನು ಬಿಡಬಾರದು, ನಿಲ್ಲುವ ತನಕ ಹಿಡಿದೇ ಇರಬೇಕು. ಬಿಟ್ಟರೆ ಮೇಲೆ ಹೇಳಿದಂತೆ ಎತ್ತಿ ಎಸೆಯುತ್ತದೆ. ಎರಡೂ ಒಂದಕ್ಕೊಂದು ವಿರುದ್ಧ, ಆದುದರಿಂದಲೇ ಗಾಬರಿಯಲ್ಲಿ ನೆನಪಾಗುವುದಿಲ್ಲ. ಶುಕ್ರವಾರ ಬೆಳಿಗ್ಗೆಯೋ ರಜಾದಿನವೋ ಖಾಲಿ ಮೈದಾನದಲ್ಲಿ, ಹೆಲ್ಮೆಟ್ ಮತ್ತು ಶೂ ಧರಿಸಿ, 20 ಕಿಲೋಮೀಟರ್ ವೇಗದಲ್ಲಿ ನೇರ ಹೋಗಿ ಎರಡೂ ಬ್ರೇಕ್ ಹಿಂಡಿ ನಿಲ್ಲಿಸುವುದನ್ನು ಇಪ್ಪತ್ತು ಸಲ ಮಾಡಿ ನೋಡಿ. ಜಾರಿಸಲು ಹೋಗಬೇಡಿ, ಅದು ಕಲಿಸುವವರು ಇರುವಲ್ಲಿ ಮಾತ್ರ. ನಿಲ್ಲಿಸುವುದನ್ನು ಕೈಗೆ ಕಲಿಸಿದರೂ ಸಾಕಷ್ಟಾಯಿತು.

ಬುರ್ಖಾ ತೊಡುವವರು ಎರಡು ವಿಷಯ ಗಮನಿಸಬೇಕು. ಅಂಚು ಮತ್ತು ದುಪಟ್ಟಾ ಚಕ್ರಕ್ಕೋ ಚೈನಿಗೋ ಸಿಲುಕದಂತೆ ಮಡಿಚಿ ಸೀಟಿನ ಮೇಲೆ ಕುಳಿತಿರಬೇಕು. ಸೀರೆ ಗಾರ್ಡನ್ನು ಅಂದಕ್ಕೆ ಅಡ್ಡಿಯೆಂದು ಮಗ ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ. ಹೆಲ್ಮೆಟ್ ಕೊಳ್ಳುವಾಗ ಸ್ಕಾರ್ಫ್ ತೊಟ್ಟೇ ಅಳತೆ ನೋಡಿ, ಐಎಸ್ಐ ಗುರುತು ಇರುವುದನ್ನೇ ಕೊಳ್ಳಿ. ಹೆಲ್ಮೆಟ್ ಅಡಿಯಲ್ಲಿ ಬರುವಲ್ಲಿ ಪಿನ್ ಚುಚ್ಚಬೇಡಿ. ಬಿದ್ದಾಗ ಆ ಪಿನ್ನೇ ತಲೆಗೆ ಹೊಗುತ್ತದೆ. ಒಳಗೆ ಕಟ್ಟುವ ಟೋಪಿಯಂಥ ಸ್ಕಾರ್ಫ್ ಸಿಗುತ್ತದೆ, ಅದು ಸಾಕು. ನಡುವೆ ಕೂರುವ ಮಗುವಿಗೂ ಹೆಲ್ಮೆಟ್ ಬೇಕು. 2023ರ ಫೆಬ್ರವರಿಯಿಂದ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ವರೆಗಿನ ಮಕ್ಕಳಿಗೆ ಹೆಲ್ಮೆಟ್ ಜತೆಗೆ ಸವಾರನಿಗೆ ಕಟ್ಟುವ ಬೆಲ್ಟ್ ಕೂಡ ಕಡ್ಡಾಯ, ವೇಗ 40 ಕಿಲೋಮೀಟರ್ ಮೀರುವಂತಿಲ್ಲ.

ಇನ್ನು ಟೈರು. ಅದರ ಗೆರೆಗಳ ನಡುವೆ ಅಲ್ಲಲ್ಲಿ ರಬ್ಬರಿನ ಚಿಕ್ಕ ಉಬ್ಬುಗಳಿರುತ್ತವೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ನೀರನ್ನು ಹೊರ ಹಾಕುವ ಶಕ್ತಿ ಅದಕ್ಕಿಲ್ಲ, ಮಳೆಗಾಲಕ್ಕೆ ಮೊದಲು ಬದಲಿಸಬೇಕು. ಸಂಜೆ ಮಗ ಗಾಡಿ ನಿಲ್ಲಿಸಿ ಒಳಗೆ ಬಂದಾಗ ಒಮ್ಮೆ ಬಗ್ಗಿ ನೋಡಿ. ಇದಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ.